ಕೇಶ್ವಾಪುರದಲ್ಲಿ ಉಕ್ಕಿದ ಸಮುದ್ರ

ಭಾನುವಾರ ಬೆಳಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ನಮ್ಮ ಮನೆಯ ಪಡಸಾಲೆಯಲ್ಲಿ ಸಮುದ್ರ ಉಕ್ಕಿತು. ನಮ್ಮ ಮನೆ ಇರುವುದು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ಅಲ್ಲಿಂದ ನಿಜವಾದ ಸಮುದ್ರ ನೋಡಬೇಕೆಂದರೆ ಘಟ್ಟ ಇಳಿದು ಕಾರವಾರಕ್ಕೋ ಅಂಕೋಲೆಗೋ ಹೋಗಬೇಕು. ದಾರಿಯಲ್ಲಿ ಎರಡು ಸಲವಾದರೂ ಚಹಾ ಕುಡಿಯಬೇಕು. ಆದ್ದರಿಂದ ಈ ಮಾತನ್ನು ನಂಬುವುದು ಕಷ್ಟ ಎಂದು ನನಗೂ ಗೊತ್ತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣ, ಆ ಗಳಿಗೆಯ ವಿಡಿಯೋ ನನ್ನ ಫೋನಿನಲ್ಲಿದೆ. ನಾನೇ ತೆಗೆದದ್ದು. ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಗ್ರೂಪಿಗೆ ಕಳಿಸಿ ನಾಲ್ಕು ಜನರಿಂದ ಹೊಗಳಿಸಿಕೊಳ್ಳಬೇಕೆಂದು ತೆಗೆಯುತ್ತಿದ್ದೆ. ಮೂರು ನಿಮಿಷದ ಆ ವಿಡಿಯೋದ ಮೊದಲ ಭಾಗದಲ್ಲಿ ನೀಲಿ ಬೆಳಕು, ಮೀನು, ಹಿನ್ನೆಲೆಯಲ್ಲಿ ನನ್ನ ಗಂಭೀರ ದನಿ. ಕೊನೆಯ ಭಾಗದಲ್ಲಿ ಬರೀ ನಮ್ಮ ಮನೆಯ ಛಾವಣಿ. ಫೋನನ್ನು ಯಾವ ಕಡೆ ಹಿಡಿದಿದ್ದೇನೆ ಎಂಬ ಅರಿವು ಆಗ ನನಗಿರಲಿಲ್ಲ. ಅದನ್ನು ಈವರೆಗೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಯಾರಿಗೂ ಕಳಿಸಿಲ್ಲ.

ಕಲಿಸುವ ಕೆಲಸದಲ್ಲಿ ಒಂದು ಅಪಾಯವಿದೆ. ಒಂದೇ ಮಾತನ್ನು ವರ್ಷಗಟ್ಟಲೆ ಹೇಳುತ್ತಾ ಹೋದರೆ, ಅದು ತನಗೆ ಗೊತ್ತಿದೆ ಎಂದು ಹೇಳುವವನೇ ನಂಬತೊಡಗುತ್ತಾನೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವನು. ಎತ್ತರದ ಬಕೀಟಿನಲ್ಲಿ ರಬ್ಬರ್ ನಳಿಗೆಯ ಒಂದು ತುದಿ, ತಗ್ಗಿನ ಬಕೀಟಿನಲ್ಲಿ ಇನ್ನೊಂದು ತುದಿ, ಒಮ್ಮೆ ಎಳೆದುಕೊಟ್ಟರೆ ನೀರು ತಾನಾಗಿಯೇ ಇಳಿಯುತ್ತದೆ, ಮೇಲಿನ ತುದಿಗೆ ಗಾಳಿ ಸಿಗುವವರೆಗೂ ನಿಲ್ಲುವುದಿಲ್ಲ: ಇದನ್ನು ನಾನು ಎಷ್ಟು ತಂಡಗಳಿಗೆ ಮಾಡಿ ತೋರಿಸಿದ್ದೇನೆಂದರೆ, ಈಗ ಮಾತು ಬಾಯಿಂದ ಬರುವಾಗ ತಲೆ ಬೇರೆ ಕಡೆ ಇರುತ್ತದೆ. ನನ್ನದೇ ಮನೆಯಲ್ಲಿ, ನಾನೇ ನಕ್ಷೆ ಬರೆದ ಪೈಪಿನಲ್ಲಿ, ಅದೇ ನೀರು ಅದೇ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದಾಗ ನಾನೊಬ್ಬನೇ ಹಿಂದಿನ ಬೆಂಚಿನ ಹುಡುಗನ ಹಾಗೆ ಬಾಯಿ ತೆರೆದು ನಿಂತಿದ್ದೆ.

ಈ ಸಮುದ್ರ ಮೊದಲು ಶುರುವಾದದ್ದು ಒಂದು ಹಲ್ಲಿನಿಂದ. ನನ್ನ ಹೆಂಡತಿ ಶೈಲಾಳ ದವಡೆಹಲ್ಲು ನೋಯುತ್ತಿತ್ತು. ರಾಯಾಪುರದ ಹತ್ತಿರ ಒಬ್ಬ ಹಲ್ಲಿನ ಡಾಕ್ಟರರ ಬಳಿಗೆ ಕರೆದುಕೊಂಡು ಹೋದೆ. ಅವರ ಕಾಯುವ ಕೋಣೆಯಲ್ಲಿ ಗೋಡೆಯ ಉದ್ದಕ್ಕೂ ಒಂದು ಗಾಜಿನ ತೊಟ್ಟಿ. ನಾವು ಚಿಕ್ಕಂದಿನಲ್ಲಿ ನೋಡಿದ, ಪ್ಲಾಸ್ಟಿಕ್ ಗಿಡ ನೆಟ್ಟು ಕೆಂಪು ಮೀನು ಬಿಡುವ ತೊಟ್ಟಿ ಅದಲ್ಲ. ಉಪ್ಪುನೀರಿನ ತೊಟ್ಟಿ, ಒಳಗೆ ಕಲ್ಲಿನ ಮೇಲೆ ಜೀವಂತ ಹವಳ. ನೇರಳೆ, ಹಸಿರು, ಕಿತ್ತಳೆ ಬಣ್ಣದ ಬೆರಳುಗಳು ನೀರಿನಲ್ಲಿ ಮೆಲ್ಲಗೆ ಓಲಾಡುತ್ತಿದ್ದವು. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು ಅವುಗಳ ನಡುವೆ ಸಂಸಾರ ಹೂಡಿದ್ದವು. ಶೈಲಾ ಕೆನ್ನೆ ಹಿಡಿದುಕೊಂಡು ಹೋದವಳು ಐದು ನಿಮಿಷದಲ್ಲಿ ಕೈ ತೆಗೆದಳು. ಒಳಗಿನಿಂದ ಅವಳ ಹೆಸರು ಕರೆದಾಗ, "ಇನ್ನೊಬ್ಬರನ್ನ ಮೊದಲು ಕರೀರಿ, ನನಗೇನೂ ಅವಸರಿಲ್ಲ" ಎಂದಳು. ಹಲ್ಲಿನ ಡಾಕ್ಟರರ ಬಳಿ ಹೀಗೆ ಹೇಳಿದವರನ್ನು ನಾನು ಅದೇ ಮೊದಲು ನೋಡಿದ್ದು. ಮನೆಗೆ ಬರುವ ದಾರಿಯಲ್ಲಿ, ಅರ್ಧ ಬಾಯಿ ಮರಗಟ್ಟಿದ್ದರೂ, ಅವಳು ಆ ತೊಟ್ಟಿಯ ಬಗ್ಗೆಯೇ ಮಾತಾಡಿದಳು. ನನ್ನ ಬಾಯಿಯಿಂದಲೂ ಒಂದು ಮಾತು ಜಾರಿತು: "ಮಾಡೋಣಂತ. ಪೈಪಿನ ಪ್ಲ್ಯಾನು ನಂದು."

ಹವಳಕ್ಕೆ ಪೈಪಿನ ಪ್ಲ್ಯಾನು ಯಾಕೆ ಎಂದು ನೀವು ಕೇಳಬಹುದು. ಅವ್ವನೂ ಕೇಳಿದಳು. ಅವ್ವ ಎಂದರೆ ನನ್ನ ತಾಯಿ. ಎಪ್ಪತ್ತು ದಾಟಿದವಳು, ಕೇಳಿದ ಪ್ರಶ್ನೆಗೆ ಉತ್ತರ ಸಿಗುವವರೆಗೆ ಬಿಡುವವಳಲ್ಲ. ನಾನು ವಿವರಿಸಿದೆ: ಹವಳ ಎಂಬುದು ಕಲ್ಲಲ್ಲ, ಪ್ರಾಣಿ. ಆದರೆ ಅದಕ್ಕೆ ಕಾಲಿಲ್ಲ. ಅದು ತಿನ್ನಲು ಎಲ್ಲಿಗೂ ಹೋಗುವುದಿಲ್ಲ. ನೀರು ಹರಿದು ಬಂದು ಬಾಯಿಗೆ ಆಹಾರ ತಲುಪಿಸಬೇಕು, ಮೈ ಮೇಲಿನ ಹೊಲಸನ್ನೂ ತೊಳೆದುಕೊಂಡು ಹೋಗಬೇಕು. ಒಂದೇ ಕಡೆಯಿಂದ ಜೋರಾಗಿ ಹರಿದರೆ ಸಿಟ್ಟು, ಹರಿಯದಿದ್ದರೆ ಸಾವು.

ಅವ್ವ, "ಕುಂತಲ್ಲಿಂದ ಏಳಂಗಿಲ್ಲ, ಎಲ್ಲಾ ಕೈಗೆ ತಂದು ಕೊಡಬೇಕು, ಮ್ಯಾಲೆ ಸಿಟ್ಟು ಬ್ಯಾರೆ. ನಿಮ್ಮಪ್ಪನ್ನ ನಲವತ್ತು ವರ್ಷ ಸಾಕೇನಿ, ಇದೇನ ದೊಡ್ಡದು" ಎಂದಳು. ಹೀಗೆ ಹವಳಕ್ಕೆ ನಮ್ಮ ಮನೆಯಲ್ಲಿ ಒಪ್ಪಿಗೆ ಸಿಕ್ಕಿತು.

ಪ್ಲ್ಯಾನನ್ನು ನಾನು ಹದಿನೈದು ದಿನ ಬರೆದೆ. ಮೇಲೆ ನಾಲ್ಕು ಅಡಿ ಉದ್ದದ ತೊಟ್ಟಿ, ಅದಕ್ಕೊಂದು ಗಟ್ಟಿ ಮೇಜು. ಮೇಜಿನ ಕೆಳಗೆ ಇನ್ನೊಂದು ಚಿಕ್ಕ ತೊಟ್ಟಿ. ಮೇಲಿನ ತೊಟ್ಟಿಯ ಅಂಚಿನಿಂದ ಹೊರಳಿದ ನೀರು ಒಂದು ಪೈಪಿನಲ್ಲಿ ಕೆಳಗಿಳಿಯಬೇಕು. ಕೆಳಗೆ ಸೋಸಿ ಶುದ್ಧವಾಗಬೇಕು. ಅಲ್ಲಿಂದ ಪಂಪು ಅದನ್ನು ಇನ್ನೊಂದು ಪೈಪಿನಲ್ಲಿ ಮತ್ತೆ ಮೇಲಕ್ಕೆ ತಳ್ಳಬೇಕು. ದಿನವಿಡೀ, ವರ್ಷವಿಡೀ ಇದೇ ಸುತ್ತು. ಇಷ್ಟೇ ವಿಷಯ. ಆದರೆ ಇಷ್ಟನ್ನು ನಾನು ಉಳಿದ ಉತ್ತರಪತ್ರಿಕೆಗಳ ಬೆನ್ನಿಗೆ ಬಾಣಗಳನ್ನು ಹಾಕಿ ಎಷ್ಟು ಬರೆದೆನೆಂದರೆ, ಶೈಲಾ ಒಂದು ದಿನ ಅವನ್ನೆಲ್ಲ ಒಟ್ಟುಮಾಡಿ ದಾರ ಕಟ್ಟಿ, "ಆಣೆಕಟ್ಟಿಗೂ ಇಷ್ಟು ಕಾಗದ ಹತ್ತಿರಲಿಕ್ಕಿಲ್ಲ ನೋಡ್ರಿ" ಎಂದಳು.

ಪೈಪು ತರಲು ದುರ್ಗದಬೈಲಿಗೆ ಹೋದೆ. ಅಂಗಡಿಯವರು ಪಟ್ಟಿ ನೋಡಿ, "ಇದು ಎಲ್ಲಿಗ್ರಿ ಸರ, ಬಚ್ಚಲಕ್ಕೋ, ಮ್ಯಾಲಿನ ಟಾಕಿಗೋ?" ಎಂದರು. ನನಗೆ ಎದೆ ಉಬ್ಬಿತು. "ಸಮುದ್ರಕ್ಕ್ರಿ" ಎಂದೆ. ಅವರು ತಲೆ ಎತ್ತಿ ಸಹ ನೋಡಲಿಲ್ಲ. "ಒಂದಿಂಚಿಂದೋ, ಒಂದೂವರಿ ಇಂಚಿಂದೋ?" ಎಂದು ಕೇಳಿದರು.

ಪೈಪು ಜೋಡಿಸಲು ಮಾಬುಸಾಬರು ಬಂದರು. ನಮ್ಮ ಓಣಿಯ ಅರ್ಧ ಮನೆಗಳ ನಲ್ಲಿ ಅವರ ಕೈಯಿಂದ ಹುಟ್ಟಿದ್ದು. ಮಾತು ಕಡಿಮೆ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ನನ್ನ ನಕ್ಷೆಯನ್ನು ಅವರು ಬಹಳ ಹೊತ್ತು ನೋಡಿದರು. ನಂತರ, ನೀರು ಮೇಲೆ ಹೋಗುವ ಪೈಪಿನ ಬಾಯಿಯ ಮೇಲೆ ಬೆರಳಿಟ್ಟು, "ಸರ, ಇದು ನೀರಾಗ ಭಾಳ ಆಳ ಮುಳುಗೇತಿ. ಮ್ಯಾಲೆ, ನೀರಿನ ಮಟ್ಟಕ್ಕ ಸನೇ, ಒಂದು ಸಣ್ಣ ತೂತು ಹೊಡೀಲೇನ್ರಿ?" ಎಂದರು.

ಹೊಚ್ಚ ಹೊಸ ಪೈಪಿಗೆ ತೂತು! "ಯಾಕ್ರಿ?" ಎಂದೆ.

"ಕರೆಂಟ್ ಹ್ವಾದ್ರ ನೀರು ವಾಪಸ್ ಎಳೀತೇತ್ರಿ. ತೂತಿದ್ರ ಗಾಳಿ ತಗೊಂಡು ನಿಂದರತೇತಿ."

ನಾನು ನಕ್ಕೆ. ಆ ನಗು ನೆನಪಾದರೆ ಈಗ ಕಿವಿ ಬಿಸಿಯಾಗುತ್ತದೆ. ತೂತಿನಿಂದ ನೀರು ಚಿಮ್ಮಿ ಹರಿವಿನ ಒತ್ತಡ ಎಷ್ಟು ಕಡಿಮೆಯಾಗುತ್ತದೆ, ತಳದ ಹವಳಕ್ಕೆ ಅಲೆ ಮುಟ್ಟಲು ಪೈಪು ಆಳದಲ್ಲೇ ಏಕೆ ಇರಬೇಕು ಎಂದು ನಾನು ಅವರಿಗೆ ಬೋರ್ಡಿಲ್ಲದೆಯೇ ಪಾಠ ಮಾಡಿದೆ. ನೀರು ವಾಪಸು ಬಂದರೂ ಚಿಂತೆಯಿಲ್ಲ. ಅಷ್ಟು ನೀರು ಹಿಡಿಯುವಷ್ಟು ಜಾಗವನ್ನು ಕೆಳಗಿನ ತೊಟ್ಟಿಯಲ್ಲಿ ಖಾಲಿ ಬಿಟ್ಟಿದ್ದೇನೆ ಎಂದೆ. ಕೆಳಗಿನ ತೊಟ್ಟಿಯ ಗಾಜಿಗೆ ಅರ್ಧದಲ್ಲಿ ಒಂದು ಕೆಂಪು ಪಟ್ಟಿ ಅಂಟಿಸಿ, ನೀರು ಈ ಗೆರೆ ದಾಟಬಾರದು ಎಂದು ತೋರಿಸಿದೆ. ಮಾಬುಸಾಬರು ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು, "ನೀವು ಕಲ್ತವ್ರು" ಎಂದರು. ಅದನ್ನು ಹೊಗಳಿಕೆ ಎಂದುಕೊಂಡೆ.

ಮೊದಲ ದಿನ ನೀರು ಇಳಿಯುವ ಪೈಪು ಗೊಳಗೊಳ ಎಂದು ಗಂಟಲು ತೊಳೆಯುವ ಸದ್ದು ಮಾಡಿತು. ನಾನು ಹರಿವಿನ ಸೂತ್ರಗಳನ್ನು ಹುಡುಕುತ್ತಾ ಕುಳಿತೆ. ಶೈಲಾ ಧಾರವಾಡದವಳು, ಮದುವೆಗೆ ಮುಂಚೆ ಹತ್ತು ವರ್ಷ ಗಾಯನ ಕಲಿತವಳು. ಅವಳು ಮೇಜಿನ ಕೆಳಗೆ ತಲೆ ಹಾಕಿ, ಕಣ್ಣು ಮುಚ್ಚಿ, ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದಳು. ಗೊಳಗೊಳ ಸಣ್ಣದಾಯಿತು, ಸುಯ್ಯೆಂದಿತು, ಆಮೇಲೆ ಮೌನ. "ಈಗ ಸುರಕ್ಕ ಬಂತು" ಎಂದು ಎದ್ದಳು. ನನ್ನ ಸೂತ್ರದ ಉತ್ತರ ಬಂದದ್ದು ಮರುದಿನ.

ತೊಟ್ಟಿ ಬಂದು ನಾಲ್ಕು ತಿಂಗಳಾಗಿತ್ತು. ಹವಳ ಚಿಗುರಿದ್ದವು. ಅವ್ವ ತನ್ನ ಮಂಚವನ್ನು ಪಡಸಾಲೆಗೇ ಹಾಕಿಸಿಕೊಂಡಿದ್ದಳು, ತೊಟ್ಟಿಯಿಂದ ಎರಡು ಮಾರು ದೂರದಲ್ಲಿ. ಟಿ.ವಿ. ಧಾರಾವಾಹಿಗಳನ್ನು ಬಿಟ್ಟು ಆ ಎರಡು ಮೀನುಗಳ ಸಂಸಾರವನ್ನೇ ನೋಡುತ್ತಿದ್ದಳು. "ಇವತ್ತ ಅಕಿ ಅವನ್ನ ಹತ್ತಿರ ಬಿಟ್ಟುಕೊಳ್ಳವಲ್ಲಳು. ಏನೋ ಅಂದಾನ" ಎಂದು ನಮಗೆ ಸುದ್ದಿ ಹೇಳುತ್ತಿದ್ದಳು.

ಇನ್ನು ಆ ಭಾನುವಾರ. ಅದು ನಮ್ಮ ಓಣಿಗೆ ನೀರು ಬರುವ ದಿನ. ಹುಬ್ಬಳ್ಳಿಯಲ್ಲಿ ಬೆಳೆದವರಿಗೆ ನೀರು ಬರುವ ದಿನ ಎಂದರೆ ಏನೆಂದು ಹೇಳಬೇಕಾಗಿಲ್ಲ. ಹೊರಗಿನವರಿಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ. ಈಗ ಕೆಲವು ಓಣಿಗಳಿಗೆ ದಿನವೂ ನೀರು ಬರುತ್ತದಂತೆ. ಆ ಓಣಿಗಳ ಹೆಂಗಸರೂ ಕೊಡ ಖಾಲಿ ಬಿಡುವುದಿಲ್ಲ. ವಾರಕ್ಕೊಮ್ಮೆಯೋ ಇನ್ನೂ ತಡವಾಗಿಯೋ ಬರುವ ನೀರಿಗಾಗಿ ಅವ್ವ ಬದುಕಿನುದ್ದಕ್ಕೂ ಕಾದಿದ್ದಾಳೆ. ನಲ್ಲಿ ಸುಯ್ಯೆಂದ ಕೂಡಲೇ ಅವಳ ವಯಸ್ಸು ಇಪ್ಪತ್ತು ವರ್ಷ ಇಳಿಯುತ್ತದೆ. ಹಂಡೆ, ಕೊಡ, ಬಕೀಟು, ಕುಕ್ಕರು, ಚಹಾದ ಪಾತ್ರೆ, ದೇವರ ಮನೆಯ ತಂಬಿಗೆ, ಎಲ್ಲವೂ ಕಂಠದವರೆಗೆ ತುಂಬಬೇಕು. ಒಮ್ಮೆ ನನ್ನ ಟಿಫಿನ್ ಡಬ್ಬಿಯಲ್ಲೂ ನೀರಿತ್ತು. ಸ್ಟಾಫ್ ರೂಮಿನಲ್ಲಿ ತೆರೆದ ಮೇಲೆ ಗೊತ್ತಾಯಿತು. ಅಂಥವಳ ಕಣ್ಣಿಗೆ, ಮೇಜಿನ ಕೆಳಗೆ ಒಂದು ತೊಟ್ಟಿ ಅರ್ಧ ಖಾಲಿ ಕುಳಿತಿರುವುದು ನಾಲ್ಕು ತಿಂಗಳಿಂದ ಕಾಣುತ್ತಿತ್ತು. ಕೆಂಪು ಪಟ್ಟಿಯ ಅರ್ಥವನ್ನು ನಾನು ಶೈಲಾಳಿಗೆ ಹೇಳಿದ್ದೆ, ಮಾಬುಸಾಬರಿಗೆ ಹೇಳಿದ್ದೆ, ನೋಡಲು ಬಂದ ಸಹೋದ್ಯೋಗಿಗಳಿಗೆಲ್ಲ ಹೇಳಿದ್ದೆ. ಅವ್ವನಿಗೆ ಹೇಳಿರಲಿಲ್ಲ. ಅವಳು ಅದನ್ನು ಅಲಂಕಾರ ಎಂದುಕೊಂಡಿದ್ದಳು. ಆ ದಿನ ಒಂಬತ್ತೂವರೆಗೆ, ಎಲ್ಲ ಪಾತ್ರೆ ತುಂಬಿದ ಮೇಲೂ ನಲ್ಲಿ ನಿಂತಿರಲಿಲ್ಲ. ಅವಳು ಎರಡು ಕೊಡ ನೀರು ತಂದು ಕೆಳಗಿನ ತೊಟ್ಟಿಯನ್ನು ಬಾಯಿವರೆಗೆ ತುಂಬಿ, ಸೆರಗಿನಿಂದ ಕೈ ಒರೆಸಿಕೊಂಡು ಮಂಚದ ಮೇಲೆ ಕುಳಿತಳು.

ನಾನು ಹತ್ತು ನಲವತ್ತೊಂದಕ್ಕೆ ವಿಡಿಯೋ ಶುರುಮಾಡಿದೆ. ಅದರಲ್ಲಿ ನನ್ನ ದನಿ ಹೀಗಿದೆ: "ಗೆಳೆಯರೇ, ಇಲ್ಲಿ ಗುರುತ್ವಾಕರ್ಷಣೆ ನಮ್ಮ ಸೇವಕ..." ಅಷ್ಟರಲ್ಲಿ ನೀಲಿ ಬೆಳಕು ಆರುತ್ತದೆ. ಕರೆಂಟ್ ಹೋಯಿತು. ಪಂಪು ನಿಂತಿತು. ಒಂದು ಕ್ಷಣ ಎಲ್ಲ ಶಾಂತ. ಆಮೇಲೆ ಪೈಪಿನೊಳಗೆ ಸೊರ್ರ್ ಎಂಬ ಸದ್ದು. ನಿರಾತಂಕವಾದ ನನ್ನ ದನಿ: "ಏನೂ ಆಗುವುದಿಲ್ಲ. ಎಲ್ಲಾ ಲೆಕ್ಕ ಹಾಕಿದ್ದೇನೆ."

ಕೆಳಗಿನ ತೊಟ್ಟಿಯ ನಾಲ್ಕೂ ಅಂಚಿನಿಂದ ನೀರು ಹೊರಳತೊಡಗಿತು. ಮೇಲಿನ ತೊಟ್ಟಿಯಲ್ಲಿ ಮಟ್ಟ ಕಣ್ಣೆದುರೇ ಇಳಿಯುತ್ತಿತ್ತು. ಮೀನು ಎರಡೂ ಮೂಲೆಗೆ ಸರಿದಿದ್ದವು. ಟೈಲ್ಸಿನ ಮೇಲೆ ಉಪ್ಪುನೀರು ಚಾಪೆ ಬಿಚ್ಚಿದ ಹಾಗೆ ಹರಡಿತು. ಅವ್ವ "ಅಯ್ಯ ಶಿವನೇ" ಎಂದು ಎದ್ದು, ನೆಲ ಒರೆಸುವ ಅರಿವೆ ಹಿಡಿದು, ಬರಿಗಾಲಲ್ಲಿ ಆ ನೀರಿನ ನಡುವೆ ಕುಕ್ಕರಗಾಲಲ್ಲಿ ಕುಳಿತಳು. ಅವಳ ಕೈಯಿಂದ ಒಂದು ಗೇಣು ದೂರದಲ್ಲಿ, ಗೋಡೆಯ ಬುಡದಲ್ಲಿ, ನೆಲದ ಮೇಲೆ, ಎಕ್ಸ್‌ಟೆನ್ಶನ್ ಬಾಕ್ಸು. ಪಂಪು, ದೀಪ, ಹೀಟರ್ ಎಲ್ಲದರ ವೈರೂ ಅದಕ್ಕೇ. ಅದನ್ನು ಅಲ್ಲಿ ಇಟ್ಟವನು ನಾನು. ವೈರು ಕಾಣಿಸದಿದ್ದರೆ ವಿಡಿಯೋ ಅಂದವಾಗಿ ಬರುತ್ತದೆ ಎಂದು. ನೀರು ಅದರ ಸುತ್ತ ಏರಿ, ತೂತುಗಳೊಳಗೆ ಇಳಿಯುತ್ತಿತ್ತು.

ಕರೆಂಟ್ ಇಲ್ಲದಿರುವವರೆಗೆ ಏನೂ ಭಯವಿಲ್ಲ. ಆದರೆ ಅದು ಯಾವ ಗಳಿಗೆಯಲ್ಲೂ ಬರಬಹುದು. ಉಪ್ಪುನೀರು ವಿದ್ಯುತ್ತಿನ ಉತ್ತಮ ವಾಹಕ. ಬರಿಗಾಲು ನೆಲಕ್ಕೆ ಸಂಪರ್ಕ ಕೊಡುತ್ತದೆ. ಆದ್ದರಿಂದ ತಕ್ಷಣ ಮೇನ್ ಸ್ವಿಚ್ ಆರಿಸಬೇಕು. ಇದೆಲ್ಲ ನನಗೆ ಹೊಳೆಯಲಿಲ್ಲ ಎಂದುಕೊಳ್ಳಬೇಡಿ. ಹೊಳೆಯಿತು, ಪೂರ್ಣ ವಾಕ್ಯಗಳಲ್ಲಿ, ನೋಟ್ಸ್ ಬರೆಸಿದ ಹಾಗೆ, ಒಂದಾದ ಮೇಲೆ ಒಂದು ಹೊಳೆಯಿತು. ಕಾಲು ಮಾತ್ರ ಏಳಲಿಲ್ಲ. "ಅವ್ವಾ, ಅಲ್ಲಾಡಬ್ಯಾಡ!" ಎಂದು ಕೂಗಿದೆ. ಅವ್ವ ತಿರುಗಿ, "ಅಲ್ಲಾಡದ ಒರಸೂದು ಹೆಂಗೋ? ಬಕೀಟು ತಾ ಲಗೂನ" ಎಂದು ಕೈಯನ್ನು ಬಾಕ್ಸಿನ ಕಡೆಗೇ ಚಾಚಿದಳು.

ಅಡುಗೆಮನೆಯಿಂದ ಶೈಲಾ ಬಂದಳು. ಒಮ್ಮೆ ನೀರು ನೋಡಿದಳು, ಒಮ್ಮೆ ಬಾಕ್ಸು ನೋಡಿದಳು. ನನ್ನನ್ನು ನೋಡಲು ಹೊತ್ತು ಕಳೆಯಲಿಲ್ಲ. "ಅತ್ತೀ, ಹಿಂದ ಸರೀರಿ!" ಎಂದವಳೇ ಅಂಗಳದ ಬಾಗಿಲಿನ ಪಕ್ಕದ ಮೀಟರ್ ಬೋರ್ಡಿಗೆ ಓಡಿ ಮೇನ್ ಸ್ವಿಚ್ ಕೆಳಗೆಳೆದಳು. ವಿಡಿಯೋದಲ್ಲಿ ಛಾವಣಿ ಮಾತ್ರ ಕಾಣುತ್ತದೆ, ಆದರೆ ಟಕ್ ಎಂಬ ಸದ್ದು ಕೇಳುತ್ತದೆ. ಆಮೇಲೆ ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯ ಸೆಕೆಂಡಿಗೆ ಪಕ್ಕದ ಮನೆಯ ಮಿಕ್ಸರ್ ಗರ್ರ್ ಎಂದು ತಿರುಗುತ್ತದೆ. ಓಣಿಗೆ ಕರೆಂಟ್ ಬಂದಿತ್ತು. ನಮ್ಮ ಮನೆಯೊಂದನ್ನು ಬಿಟ್ಟು.

ಅವ್ವ ಇನ್ನೂ ಆ ನೀರಿನಲ್ಲೇ ಕುಳಿತಿದ್ದಳು.

ಅವ್ವನಿಗೆ ಏನೂ ಆಗಲಿಲ್ಲ. ನೆಲ ಒರೆಸಿದ್ದಾಯಿತು. ಮಧ್ಯಾಹ್ನಕ್ಕೆ ಮಾಬುಸಾಬರು ಬಂದು ಪಂಪಿಗೆ ಬೇರೆ ಕಡೆಯಿಂದ ತಾತ್ಕಾಲಿಕವಾಗಿ ವೈರು ಎಳೆದು, ಪೈಪಿನ ಬಾಯಿಯನ್ನು ಸ್ವಲ್ಪ ಮೇಲಕ್ಕೆ ಕಟ್ಟಿ ಕೊಟ್ಟರು. ಪೂರ್ತಿ ಕೆಲಸಕ್ಕೆ ಮುಂದಿನ ವಾರ ಬರುವುದಾಗಿ ಹೇಳಿದರು. ಮೀನು ಬದುಕಿದವು. ಹವಳ ಮಾತ್ರ ಎರಡು ದಿನ ಮುನಿಸಿಕೊಂಡ ಬೀಗರ ಹಾಗೆ ಮುದುಡಿ ಕುಳಿತು, ಮೂರನೆಯ ದಿನ ಅರಳಿದವು. ಅರಳದೆ ಉಳಿದವನು ನಾನೊಬ್ಬ. ಪಕ್ಕದ ಮನೆಯಲ್ಲಿ ಚಟ್ನಿಗೆ ಮಿಕ್ಸರ್ ಹಾಕಿದರೆ ನನ್ನ ಕೈಯ ಚಹಾ ಚೆಲ್ಲುತ್ತಿತ್ತು. ಕ್ಲಾಸಿನಲ್ಲಿ ಪಾಠ ಮಾಡುತ್ತಿರುವಾಗ ಮನಸ್ಸು ಒಂದು, ಎರಡು, ಮೂರು ಎಂದು ಎಣಿಸತೊಡಗುತ್ತಿತ್ತು. ಶೈಲಾ ಆ ಹೊತ್ತಿನಲ್ಲಿ ಒಗ್ಗರಣೆ ಹಾಕುತ್ತಿದ್ದರೆ? ಬಚ್ಚಲಲ್ಲಿದ್ದರೆ? ರಾತ್ರಿ ಎದ್ದೆದ್ದು ಪಡಸಾಲೆಗೆ ಹೋಗಿ ನೆಲ ಮುಟ್ಟಿ ನೋಡಿ ಬರುತ್ತಿದ್ದೆ. ಅವ್ವ ಗೋಡೆಯ ಕಡೆ ಮುಖಮಾಡಿ ಮಲಗಿರುತ್ತಿದ್ದಳು. ಅವಳ ಪಕ್ಕದ ಕುರ್ಚಿಯಲ್ಲಿ ಬೆಳಗಿನವರೆಗೆ ಕಾವಲು ಕೂರುವುದು ನನ್ನ ಪದ್ಧತಿಯಾಯಿತು.

ತೊಟ್ಟಿಯನ್ನು ಆ ಹಲ್ಲಿನ ಡಾಕ್ಟರರಿಗೇ ಕೊಟ್ಟುಬಿಡೋಣ ಎಂದೆ. ಶೈಲಾ ಮೀನಿಗೆ ಆಹಾರ ಹಾಕಲು ಎದ್ದು ಹೋದಳು. ಫೋನ್ ಮಾಡಿದವರಿಗೆಲ್ಲ ನಾನು ಕಥೆ ಹೇಳುತ್ತಿದ್ದೆ. ಕಲ್ಲಾಗಿ ನಿಂತವನ ಕಥೆಯನ್ನು ಹೇಗೆ ಹೇಳುವುದು? ಆದ್ದರಿಂದ ಅದು ದಿನದಿಂದ ದಿನಕ್ಕೆ ಸ್ವಲ್ಪ ಹೊರಳಿ, "ಎಲ್ಲಾ ಸರಿ ಇತ್ತು, ಅವ್ವ ಹೋಗಿ ಕೆಳಗಿನ ಟಾಕಿ ತುಂಬಿಬಿಟ್ಟಳು ನೋಡ್ರಿ" ಎಂಬಲ್ಲಿಗೆ ಬಂದು ನಿಂತಿತು. ಅದನ್ನು ಅವ್ವ ಕೇಳಿಸಿಕೊಳ್ಳುತ್ತಿದ್ದಾಳೆ ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ಬಂದದ್ದು ಮುಂದಿನ ನೀರಿನ ದಿನ. ನಲ್ಲಿ ಸುಯ್ಯೆಂದಿತು. ಅವ್ವ ಮಂಚದಿಂದ ಏಳಲಿಲ್ಲ. ಕೊಡಗಳು ಬಚ್ಚಲ ಕಟ್ಟೆಯ ಮೇಲೆ ಖಾಲಿ ಕುಳಿತಿದ್ದವು. "ಯಾಕವ್ವ, ನೀರು ಬಂದಾವಲ್ಲ" ಎಂದೆ. "ನೀವ ತುಂಬಿಕೋರಿ. ಎಷ್ಟು ತುಂಬಬೇಕು, ಎಷ್ಟು ಬಿಡಬೇಕು, ನನಗೇನ ಗೊತ್ತಾಗತೈತಿ" ಎಂದು ಮೀನಿನ ಕಡೆ ತಿರುಗಿದಳು. ಅವ್ವ ನನಗೆ ಬಹುವಚನ ಹಚ್ಚಿ ಮಾತಾಡಿದ್ದು ಅದೇ ಮೊದಲು. ಎಕ್ಸ್‌ಟೆನ್ಶನ್ ಬಾಕ್ಸು ಮುಟ್ಟಿದ್ದರೂ ಅಷ್ಟು ಹೊಡೆತ ಬೀಳುತ್ತಿರಲಿಲ್ಲ.

ಅಷ್ಟರಲ್ಲಿ ಮಾಬುಸಾಬರು ಹೇಳಿದಂತೆ ಚೀಲ ಹಿಡಿದು ಬಂದರು. ಅವರಿಗೂ ನಾನು ಅದೇ ಕಥೆಯನ್ನು ತೆಗೆದೆ: "ಎಲ್ಲಾ ಸರಿ ಇತ್ತರೀ, ಅವ್ವ..."

ಅವರು ನನ್ನ ಮಾತನ್ನು ಪೂರ್ತಿ ಮಾಡಲು ಬಿಡಲಿಲ್ಲ. "ಸರ, ಸಿಟ್ಟಾಗಬ್ಯಾಡ್ರಿ. ಹುಬ್ಬಳ್ಳಿ ಮನ್ಯಾಗ ಖಾಲಿ ಟಾಕಿ ಇಟ್ಟು, ಯಾರೂ ತುಂಬಂಗಿಲ್ಲ ಅಂತ ತಿಳ್ಕೊಂಡ್ರ ಅದು ಯಾರ ತಪ್ರಿ? ಅವ್ವಾರು ತುಂಬೂದು ತಪ್ಪಲ್ಲ. ತುಂಬಿದ್ರೂ ಚೆಲ್ಲಬಾರದು. ಅದಕ್ಕ ಪ್ಲಂಬಿಂಗ್ ಅಂತಾರ್ರಿ."

ಹದಿನೈದು ದಿನ ಬರೆದ ನನ್ನ ಪ್ಲ್ಯಾನಿನಲ್ಲಿ ನೀರಿತ್ತು, ಪೈಪಿತ್ತು, ಹವಳವಿತ್ತು. ಆ ಮನೆಯಲ್ಲಿ ಇರುವವರು ಇರಲಿಲ್ಲ. ಶೈಲಾ ಬಾಗಿಲಲ್ಲಿ ನಿಂತು, ತುಟಿ ಬಿಗಿಹಿಡಿದು, ನಗದಿರಲು ಬಹಳ ಕಷ್ಟಪಡುತ್ತಿದ್ದಳು. ನಾನು ಅವ್ವನ ಮಂಚದ ಹತ್ತಿರ ಹೋಗಿ, "ತಪ್ಪು ನಂದವ್ವ" ಎಂದೆ. "ಅದು ಅವತ್ತ ಗೊತ್ತಿತ್ತು" ಎಂದಳು ಅವ್ವ, ಮೀನಿನ ಮೇಲಿನ ಕಣ್ಣು ತೆಗೆಯದೆ.

ಮಾಬುಸಾಬರು ಅರ್ಧ ದಿನದಲ್ಲಿ ಕೆಲಸ ಮುಗಿಸಿದರು. ನೀರು ಮೇಲೆ ಹೋಗುವ ಪೈಪಿನ ಬಾಯಿಯನ್ನು ಖಾಯಂ ಆಗಿ ಎತ್ತರಕ್ಕೆ ತಂದು, ನೀರಿನ ಮಟ್ಟದ ಹತ್ತಿರ ಒಂದು ತೂತು ಹೊಡೆದರು. ಕೆಳಗಿನ ತೊಟ್ಟಿಯ ಗಾಜಿಗೆ ಮೇಲ್ಭಾಗದಲ್ಲಿ ರಂಧ್ರ ಕೊರೆದು, ಹೆಚ್ಚಾದ ನೀರು ಬಚ್ಚಲಿಗೆ ಹರಿದುಹೋಗುವಂತೆ ದಪ್ಪ ಪೈಪು ಕೂರಿಸಿದರು. ತಳದ ಹವಳದ ಅಲೆಗೆಂದು ಗಾಜಿಗಂಟುವ ಒಂದು ಚಿಕ್ಕ ಪಂಪನ್ನು ಶೈಲಾ ಆಗಲೇ ತರಿಸಿಟ್ಟಿದ್ದಳು. ಎಕ್ಸ್‌ಟೆನ್ಶನ್ ಬಾಕ್ಸು ಎದೆಯೆತ್ತರದ ಗೋಡೆಗೆ ಏರಿತು. ಅವರೇ ಕರೆತಂದ ಎಲೆಕ್ಟ್ರೀಷಿಯನ್, ಸ್ವಲ್ಪ ಸೋರಿಕೆಯಾದರೂ ತಾನಾಗಿ ಬೀಳುವ ಬ್ರೇಕರನ್ನು ಮೀಟರ್ ಬೋರ್ಡಿಗೆ ಹಾಕಿದ. ಈಗ ವಿಡಿಯೋ ತೆಗೆದರೆ ಗೋಡೆ ತುಂಬ ವೈರು. ಇರಲಿ.

ಕೊನೆಗೆ ಪರೀಕ್ಷೆ. ಮಾಬುಸಾಬರು ಎರಡೂ ಕೈ ಮುಗಿದು, "ಅವ್ವಾರ, ಈಗ ನೀವು ಬರ್ರಿ. ಗಚ್ಚ ತುಂಬ್ರಿ" ಎಂದರು. ಅವ್ವ ಮೊದಲು ನನ್ನ ಮುಖ ನೋಡಿದಳು. ಉಪ್ಪು ಕಲಸಿಟ್ಟ ನೀರಿನ ಕೊಡವನ್ನು ನಾನೇ ಎತ್ತಿ ಅವಳ ಕೈಗೆ ಕೊಟ್ಟೆ. ಅವಳು ಮೇಜಿನ ಕೆಳಗೆ ಬಗ್ಗಿ, ಒಂದು ಹನಿಯೂ ಆಚೆ ಬೀಳದಂತೆ, ತೊಟ್ಟಿ ಇನ್ನು ಒಲ್ಲೆ ಎನ್ನುವವರೆಗೆ ತುಂಬಿದಳು. ಎಲ್ಲರೂ ಚಪ್ಪಲಿ ಹಾಕಿಕೊಂಡು ದೂರ ನಿಂತೆವು. ಶೈಲಾ ಮೇನ್ ಆರಿಸಿದಳು. ಸೊರ್ರ್ ಎಂಬ ಸದ್ದು ಬಂತು. ಸದ್ದು ಎರಡು ಬಿಕ್ಕಳಿಕೆ ಬಿಕ್ಕಿ ನಿಂತಿತು; ತೂತು ಗಾಳಿ ಕುಡಿದಿತ್ತು. ಹೆಚ್ಚಾದ ನೀರು ದಪ್ಪ ಪೈಪು ಹಿಡಿದು ಬಚ್ಚಲಿಗೆ ಹೋಯಿತು. ನೆಲ ಒಣಗಿಯೇ ಇತ್ತು. ಅವ್ವ ಬಗ್ಗಿ ಬೆರಳಿನಿಂದ ಟೈಲ್ಸ್ ಮುಟ್ಟಿ ನೋಡಿ, "ಮಾಬುಸಾಬ, ನೀ ಎಷ್ಟನೇತ್ತೆ ಮಟಾ ಕಲ್ತೀ?" ಎಂದು ಕೇಳಿದಳು.

"ನಾಕನೇತ್ತೇರಿ ಅವ್ವಾರ."

"ಛಲೋ ಆತು. ಇನ್ನೂ ಕಲ್ತಿದ್ರ ಮನಿ ಮುಳಗತಿತ್ತು" ಎಂದಳು. ಅವರಿಬ್ಬರೂ ನಕ್ಕದ್ದನ್ನು ನೋಡಿ ಶೈಲಾಳಿಗೆ ಇನ್ನು ತಡೆಯಲಾಗಲಿಲ್ಲ.

ಎಲ್ಲ ಸರಿಯಾದ ಮೇಲೂ ಮೂರು ರಾತ್ರಿ ನಾನು ಕುರ್ಚಿ ಬಿಡಲಿಲ್ಲ. ಬುದ್ಧಿಗೆ ಒಪ್ಪಿಗೆಯಾದದ್ದು ಕಣ್ಣುರೆಪ್ಪೆಗೆ ಒಪ್ಪಿಗೆಯಾಗುತ್ತಿರಲಿಲ್ಲ. ನಾಲ್ಕನೆಯ ರಾತ್ರಿ ಊಟ ಮಾಡಿ ಎಂದಿನಂತೆ ಅವ್ವನ ಮಂಚದ ಪಕ್ಕ ಕಾವಲಿಗೆ ಕುಳಿತದ್ದು ನೆನಪಿದೆ. ಮುಂದಿನ ನೆನಪು, ಮುಖಕ್ಕೆ ಬಿದ್ದ ಬಿಸಿಲು. ಏಳೂವರೆಯಾಗಿತ್ತು. ನನ್ನ ಮೈಮೇಲೆ ಅವ್ವನ ಕೌದಿ ಇತ್ತು. ತೊಟ್ಟಿಯಲ್ಲಿ ನೀರು ಸದ್ದಿಲ್ಲದೆ ಸುತ್ತುತ್ತಿತ್ತು. ಅವ್ವ ಆಗತಾನೇ ಎದ್ದು, ಮಂಚದ ಮೇಲೆ ಕುಳಿತು, ಯಾವತ್ತೂ ಇಲ್ಲದ ಹಾಗೆ ಆಕಳಿಸುತ್ತಿದ್ದಳು.

"ರಾತ್ರಿ ಎರಡು ಸಲ ಕರೆಂಟ್ ಹೋಗಿತ್ತು" ಎಂದಳು.

ನಾನು ಬೆಚ್ಚಿ ನೆಲ ನೋಡಿದೆ. ಒಣ ನೆಲ. "ನಿನಗ ಹೆಂಗ ಗೊತ್ತು? ನೀ ಮಲಗಿರಲಿಲ್ಲೇನು?"

"ಆಮ್ಯಾಲೆ ಮಲಗಿದೆ. ಎರಡೂ ಸಲ ನೀ ಏಳದ ಗೊರಕಿ ಹೊಡದದ್ದು ನೋಡಿದ ಮ್ಯಾಲೆ" ಎಂದಳು ಅವ್ವ. "ಇಷ್ಟು ದಿನ ಎಲ್ಲೀ ನಿದ್ದಿ ತರ್ತೀ? ಗ್ವಾಡಿಗೆ ಮುಖಾ ಮಾಡಿ ಎಚ್ಚರ ಇರತಿದ್ದೆ. ನೀ ಕತ್ತಲ್ಯಾಗ ಎದ್ದು ಆ ವೈರ್ ಮುಟ್ಟೂದು, ಈ ನೀರು ಮುಟ್ಟೂದು ಮಾಡತಿದ್ದಿ. ಈ ಮನ್ಯಾಗ ಯಾರಿಗರೆ ಏನರೆ ಆತಂದ್ರ ನಿನ್ನಿಂದನ ಅಂತ ನಾನೂ ಶೈಲಾನೂ ಪಾಳಿ ಹಚ್ಚಿ ಕಾಯಾಕತ್ತಿದ್ವಿ."

ಒಳಗೆ ನಮ್ಮ ಕೋಣೆಯಲ್ಲಿ ಶೈಲಾ ಇನ್ನೂ ಎದ್ದಿರಲಿಲ್ಲ. ಅವಳ ಆಫೀಸಿಗೆ ಹೊತ್ತಾಗಿತ್ತು. ಎಬ್ಬಿಸಲು ಹೊರಟವನನ್ನು ಅವ್ವ ಕೈ ಹಿಡಿದು ಕೂರಿಸಿದಳು. "ಮಲಗಲಿ ಬಿಡು. ನಿನ್ನ ಕಾಯೂದಂದ್ರ ಸಣ್ಣ ಕೆಲಸೇನು?"